ಸೋಮವಾರದ ಸೌಟು

ನಮ್ಮ ಮನೆಯಲ್ಲಿ ಸೋಮವಾರ ಮೀನಿಲ್ಲ. ಕದ್ರಿ ಮಂಜುನಾಥನ ಮೇಲೆ ಭಕ್ತಿ ಅಮ್ಮನದ್ದು, ಕಷ್ಟ ನನ್ನದು. ಯಾಕೆಂದರೆ ಭಾನುವಾರ ಮಾಡಿದ ಬಂಗುಡೆ ಪುಳಿಮುಂಚಿ, ಅಂದರೆ ಹುಳಿ-ಖಾರದ ಮೀನು ಸಾರು, ಸರಿಯಾದ ರುಚಿಗೆ ಬರುವುದೇ ಸೋಮವಾರ.

ಅದೂ ಜುಲೈ ತಿಂಗಳು. ಜೂನ್ 1ರಿಂದ ಜುಲೈ 31ರ ತನಕ, 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ದಕ್ಕೆಯಲ್ಲಿ ಸಾಲಾಗಿ ಕಟ್ಟಿ ನಿಂತಿರುತ್ತವೆ. ಆಗ ಬಂಗುಡೆ ರೇಟು ಕೇಳಿದರೆ ಸೌತೆಕಾಯಿಯ ಮೇಲೆ ಭಕ್ತಿ ಹುಟ್ಟುತ್ತದೆ. ಹಾಗಾಗಿ ಫ್ರಿಜ್ಜಿನಲ್ಲಿದ್ದ ಮಣ್ಣಿನ ಚಟ್ಟಿಯೊಳಗಿನ ಮೂರು ತುಂಡು ಮೀನನ್ನು ನಾನು ಚಿನ್ನದಂತೆ ಕಾಯುತ್ತಿದ್ದೆ.

ಹೆಂಡತಿ ಉಡುಪಿಗೆ, ತವರಿಗೆ ಹೋಗಿದ್ದಳು. ರಾತ್ರಿಯ ಊಟಕ್ಕೆ ಚಿಂತೆ ಇರಲಿಲ್ಲ. ಭಾನುವಾರದ್ದೇ ಸೌತೆಕಾಯಿ ಕೊದ್ದೆಲ್, ನಮ್ಮ ಕಡೆಯ ಸಾಂಬಾರು, ಅರ್ಧ ಪಾತ್ರೆ ಇತ್ತು, ಬೆಳಗ್ಗಿನ ಕುಚ್ಚಲಕ್ಕಿ ಅನ್ನವೂ ಇತ್ತು. ಬಿಸಿ ಮಾಡಿದರೆ ಮುಗಿಯಿತು.

ಕೊದ್ದೆಲ್ ಒಲೆಗಿಟ್ಟೆ. ಪುಳಿಮುಂಚಿ ಹಾಳಾಗಿದೆಯಾ ಅಂತ ಸುಮ್ನೆ ನೋಡುವ ಅನ್ನಿಸಿತು. ತಿನ್ನಲು ಅಲ್ಲ, ನೋಡಲು ಮಾತ್ರ. ಸೌಟು ಹಾಕಿ ಒಂದು ಸುತ್ತು ತಿರುಗಿಸಿದೆ. ಅಷ್ಟರಲ್ಲಿ ಕೊದ್ದೆಲ್ ಉಕ್ಕಿತು. ಕೈಯಲ್ಲಿದ್ದ ಸೌಟು ತಾನಾಗಿಯೇ ಅದರೊಳಗೆ ಹೋಯಿತು.

"ಎಂತ ಮಾಡಿದ್ದಿ ಮಾರಾಯ?"

ಅಮ್ಮ ಬಾಗಿಲಲ್ಲಿ ನಿಂತಿದ್ದರು. ಹಳದಿ ಕೊದ್ದೆಲ್ ನಡುವೆ ಒಂದು ಕೆಂಪು ಗೆರೆ, ಅದರ ಪಕ್ಕ ಎಣ್ಣೆಯ ಎರಡು ಸಣ್ಣ ಉಂಗುರ. ಸುಳ್ಳು ಹೇಳಲು ಜಾಗವೇ ಇರಲಿಲ್ಲ.

ಕೊದ್ದೆಲ್ ಫ್ರಿಜ್ಜಿಗೆ ವಾಪಸ್ಸಾಯಿತು, ಪುಳಿಮುಂಚಿಯ ಪಕ್ಕಕ್ಕೇ. ಇನ್ನು ಉಳಿದದ್ದು ಅನ್ನ, ಒಂದು ಕಡಿ ತೆಂಗಿನಕಾಯಿ, ಮಜ್ಜಿಗೆ. ಅನ್ನ ಅರೆದು ದೋಸೆ ಹುಯ್ಯುವ ಅಂತ ಹೊರಟೆ. ನೀರುದೋಸೆಗೆ ನೆನೆಸಿದ ಹಸಿ ಅಕ್ಕಿಯೇ ಆಗಬೇಕು ಅನ್ನುವುದು ನನಗೆ ಆಗಲೇ ಗೊತ್ತಾದದ್ದು. ಬೆಂದ ಅನ್ನ ಮಿಕ್ಸಿಯಲ್ಲಿ ಎರಡು ಸುತ್ತು ತಿರುಗಿ ಗೋಂದಾಯಿತು, ಮೂರನೇ ಸುತ್ತಿಗೆ ಮಿಕ್ಸಿಯೇ ನಿಂತಿತು. ಕಾವಲಿಗೆ ಹಾಕಿದ ಮೊದಲ ದೋಸೆ ಈಗಲೂ ಪೂರ್ತಿ ಎದ್ದು ಬಂದಿಲ್ಲ.

"ಅಕ್ಕಿ ಹಿಟ್ಟು ಹಾಕು, ರೊಟ್ಟಿ ತಟ್ಟು," ಅಂದರು ಅಮ್ಮ, ಟಿವಿ ನೋಡುತ್ತಲೇ.

ಹಿಟ್ಟು, ಕಾಯಿತುರಿ, ನೀರುಳ್ಳಿ, ಹಸಿಮೆಣಸು. ಬಾಳೆ ಎಲೆಯಲ್ಲಿ ತೆಳ್ಳಗೆ ತಟ್ಟಿ ಕಾವಲಿಗೆ ಕವುಚಿ ಹಾಕಿದೆ. ಎಲೆ ಬಾಡಿ ಬಣ್ಣ ಬದಲಾದ ಮೇಲೆ ತೆಗೆಯಬೇಕಂತೆ. ನನಗೆ ಅಷ್ಟು ತಾಳ್ಮೆ ಎಲ್ಲಿಂದ? ಅರ್ಧ ರೊಟ್ಟಿ ಎಲೆಗೆ, ಅರ್ಧ ಕಾವಲಿಗೆ. ಎರಡನೆಯದಕ್ಕೆ ಕಾದೆ. ಎಲೆ ಸಲೀಸಾಗಿ ಬಿಟ್ಟಿತು, ಅದರ ಗೆರೆಗಳು ರೊಟ್ಟಿಯ ಮೇಲೆ ಮೂಡಿದ್ದವು. ಫೋಟೋ ತೆಗೆದು ಹೆಂಡತಿಗೆ ಕಳಿಸಿದೆ. ಕೂಡಲೇ ಫೋನ್ ಬಂತು.

"ರೊಟ್ಟಿ ಇರ್ಲಿ. ಹಿಂದೆ ಕಾಣ್ತಾ ಇದೆಯಲ್ವಾ, ಅದು ನನ್ನ ಹೊಸ ಕಾವಲಿಯಾ?"

ನೆಂಚಿಕೊಳ್ಳಲು ಬಾಲ್ಕನಿಯ ಚಟ್ಟಿಯಿಂದ ಏಳೆಂಟು ಸಾಂಬ್ರಾಣಿ ಸೊಪ್ಪು ಕಿತ್ತೆ. ದೊಡ್ಡಪತ್ರೆ ಅಂತಾರಲ್ವಾ, ಅದೇ. ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ಬಾಡಿಸಿ, ಕಾಯಿ ಸೇರಿಸಿ ಅರೆದು ಮಜ್ಜಿಗೆಗೆ ಹಾಕಿದರೆ ತಂಬುಳಿ. ಕುದಿಸುವ ಕೆಲಸ ಇಲ್ಲ. ನನ್ನಂಥವರಿಗಾಗಿಯೇ ಹುಟ್ಟಿದ ಅಡುಗೆ ಅದು.

ಅಮ್ಮ ನಾಲ್ಕು ರೊಟ್ಟಿ ತಿಂದರು. ಕೈ ತೊಳೆದು ಬಂದು ಕೇಳಿದರು, "ನಿನ್ನೆ ಬಂಗುಡೆಯ ಮಸಾಲೆ ಅರೆದದ್ದು ಇದೇ ಜಾರಿನಲ್ಲಿ ಅಲ್ವಾ?"

"ತೊಳೆದಿದ್ದೆ ಅಮ್ಮ."

ತೊಳೆದಿದ್ದೆ ಅಂತಲೇ ನೆನಪು.

ಮಂಗಳವಾರ ಬೆಳಗ್ಗೆ ಎದ್ದಾಗ ಅಮ್ಮ ಆಗಲೇ ಗಂಜಿಗೆ ಕೂತಿದ್ದರು. ಬಟ್ಟಲಲ್ಲಿ ಆ ಕೊದ್ದೆಲ್. ಮಣ್ಣಿನ ಚಟ್ಟಿ ಸಿಂಕಿನಲ್ಲಿ, ಖಾಲಿ.

"ಈ ಸಲದ ಸೌತೆಕಾಯಿ ಒಳ್ಳೆ ರುಚಿ ಉಂಟು," ಅಂದರು.