ಸುಡಲೆಂದೇ ಮಾಡಿದ್ದು

ವರ್ಷಗಟ್ಟಲೆ ಕೂತು ಮಾಡಿದ್ದನ್ನು ಒಂದು ತಿಂಗಳು ಕುಣಿಸಿ ಬೆಂಕಿಗೆ ಹಾಕುತ್ತಾರೆಂದರೆ ನನ್ನಂಥವರಿಗೆ ಹೊಟ್ಟೆ ಉರಿಯುತ್ತದೆ. ಹಳೇ ಕ್ಯಾಲೆಂಡರನ್ನೂ ಅಟ್ಟಕ್ಕೆ ಏರಿಸುವ ವಂಶ ನಮ್ಮದು. ಪಪುವಾ ನ್ಯೂಗಿನಿಯ ಒರೊಕೊಲೊ ಕೊಲ್ಲಿಯ ಎಲೆಮಾ ಜನ ತಮ್ಮ ಹೆವೆಹೆ ಮುಖವಾಡಗಳನ್ನು ಹಿಂದೆ ಹೀಗೆಯೇ ಮುಗಿಸುತ್ತಿದ್ದರು.

ಬೆತ್ತದ ಚೌಕಟ್ಟು, ಅದರ ಮೇಲೆ ಮರದ ತೊಗಟೆಯ ಬಟ್ಟೆ, ಬಣ್ಣ. ಕೆಲವಂತೂ 20 ಅಡಿ ಎತ್ತರ! ಗಂಡಸರ ದೊಡ್ಡ ಮನೆಯೊಳಗೆ ಗುಟ್ಟಾಗಿ ಕೆಲಸ. ನಡುನಡುವೆ ಊರಿಗೆ ಊಟ ಹಾಕಬೇಕು, ಊಟಕ್ಕೆ ಹಂದಿ ಬೇಕು. ಹಂದಿ ಸಾಲದಿದ್ದರೆ ಕೆಲಸ ನಿಂತಿತು. ಊರಲ್ಲಿ ಸಾವಾದರೂ ನಿಂತಿತು. ಹೀಗೆ ಹತ್ತು ವರ್ಷ, ಕೆಲವೊಮ್ಮೆ ಇಪ್ಪತ್ತು. ಕೊನೆಗೊಂದು ಬೆಳಗ್ಗೆ ಎತ್ತರದ ಬಾಗಿಲು ತೆರೆದು ಅವು ಒಂದೊಂದಾಗಿ ಹೊರಬಂದಾಗ, ಊರು ಅವನ್ನು ಕಡಲಿನಿಂದ ಬಂದ ಚೇತನಗಳೆಂದೇ ಎದುರುಗೊಳ್ಳುತ್ತಿತ್ತು. ಹೆಂಗಸರು, ಮಕ್ಕಳು ಸುತ್ತ ಸೇರಿ ಕುಣಿಯುತ್ತಿದ್ದರು. ತಿಂಗಳ ಕುಣಿತ ಮುಗಿದ ಮೇಲೆ ಒಬ್ಬ ತರುಣ ಎಲ್ಲಕ್ಕಿಂತ ಮುಂದೆ ಬರುತ್ತಿದ್ದ ಹೆವೆಹೆಗೆ ಬಾಣ ಬಿಟ್ಟು ಅದನ್ನು ಕೊಲ್ಲುತ್ತಿದ್ದ. ಚೇತನ ಹೋಯಿತು. ಉಳಿದ ಬೆತ್ತ, ತೊಗಟೆ ಬೆಂಕಿಗೆ.

ಎಲ್ಲವೂ ಸಾಯಲೇಬೇಕು ಅಂತೇನಿಲ್ಲ. ಅದೇ ದೇಶದ ನ್ಯೂ ಬ್ರಿಟನ್ ದ್ವೀಪದ ತೊಲಾಯ್ ಜನರಲ್ಲಿ ಶಂಕುವಿನಾಕಾರದ ಎರಡು ಮುಖವಾಡಗಳಿವೆ. ತುಬುವಾನ್ ತಾಯಿ, ಅವಳಿಗೆ ಸಾವಿಲ್ಲ. ದುಕ್‌ದುಕ್ ಅವಳ ಮಕ್ಕಳು, ಹಬ್ಬದ ಕಾಲಕ್ಕೆ ಹುಟ್ಟಿ ಹಬ್ಬದ ಜೊತೆಗೇ ಸಾಯುತ್ತವೆ. ತಾಯಿಯ ವೇಷದೊಳಗೆ ಇರುವವನು ಗಂಡಸೇ. ಆದರೆ ಅದನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಕಟ್ಟಳೆ ಮೀರಿದರೆ ದಂಡ, ಅದೂ ತಂಬು ಎಂಬ, ಕಡಲ ಬಸವನಹುಳುವಿನ ಚಿಪ್ಪಿನ ಹಣದಲ್ಲಿ.

ನನಗೆ ಜಾಸ್ತಿ ಇಷ್ಟವಾದವರು ಪಕ್ಕದ ನ್ಯೂ ಐರ್ಲೆಂಡ್ ದ್ವೀಪದವರು. ಸತ್ತವರ ಹೆಸರಲ್ಲಿ ಅವರು ಮಲಂಗನ್ ಮಾಡುತ್ತಾರೆ. ಹಕ್ಕಿ, ಮೀನು, ಹಾವು ಒಂದರೊಳಗೊಂದು ಹೆಣೆದುಕೊಂಡ ಕೆತ್ತನೆ, ಮುಖವಾಡ. ಆಚರಣೆ ಮುಗಿದರೆ ಅದರ ಕೆಲಸವೂ ಮುಗಿಯಿತು. ಸುಡುತ್ತಿದ್ದರು, ಇಲ್ಲವೇ ಮಳೆಯಲ್ಲಿ ಕೊಳೆಯಲು ಬಿಡುತ್ತಿದ್ದರು. 19ನೇ ಶತಮಾನದ ಕೊನೆಗೆ ಯುರೋಪಿನವರು ಹಡಗಿನಲ್ಲಿ ಬಂದು ಇದಕ್ಕೆ ದುಡ್ಡು ಕೊಡುತ್ತೇವೆ ಅಂದರು. ಸುಟ್ಟರೂ ಹೋಗುತ್ತದೆ, ಮಾರಿದರೂ ಹೋಗುತ್ತದೆ, ಅಲ್ವಾ? ಕಣ್ಣೆದುರಿಂದ ಹೋದರಾಯಿತು. ಸಾವಿರಗಟ್ಟಲೆ ಮಲಂಗನ್ ಹಡಗು ಹತ್ತಿದವು. ಮಳೆಯಲ್ಲಿ ಕೊಳೆಯಬೇಕಿದ್ದವು ಈಗ ಬರ್ಲಿನ್, ಲಂಡನ್ನಿನ ಮ್ಯೂಸಿಯಮ್ಮುಗಳಲ್ಲಿ ಹುಳ ಹಿಡಿಯದಂತೆ, ತೇವ ತಾಗದಂತೆ ಆರೈಕೆ ಮಾಡಿಸಿಕೊಳ್ಳುತ್ತಿವೆ.

ಊರವರು ವಿನ್ಯಾಸದ ಹಕ್ಕನ್ನು ಮಾತ್ರ ಮಾರಲಿಲ್ಲ. ಯಾವ ವಿನ್ಯಾಸ ಯಾರದು ಅನ್ನುವುದು ಅಲ್ಲಿ ಆಸ್ತಿಯಷ್ಟೇ ಖಚಿತ. ಮುಂದೆ ಯಾರಾದರೂ ತೀರಿಕೊಂಡರೆ ಹಕ್ಕುಳ್ಳವರು ನೆನಪಿನಿಂದ ಹೇಳುತ್ತಾರೆ, ಬಡಗಿ ಹೊಸದೊಂದನ್ನು ಕೆತ್ತುತ್ತಾನೆ.