ರೋಬೋಟ್ ಜೊತೆ ಮಾತಾಡಲು ಹೊಸ ಭಾಷೆ ಬೇಕಾ?

ರೋಬೋಟ್ ಜೊತೆ ಮಾತಾಡಲು ನಾವೇ ಒಂದು ಹೊಸ ಭಾಷೆ ಕಲಿಯಬೇಕು ಅಂದರೆ ಈಗ ಯಾರಿಗಾದರೂ ನಗು ಬರುತ್ತದೆ. ಆದರೆ ನೆದರ್‌ಲೆಂಡ್ಸ್‌ನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಅಂಥದ್ದೊಂದನ್ನು ನಿಜವಾಗಿಯೂ ಕಟ್ಟಿದ್ದರು. ಹೆಸರು ರೊಯಿಲಾ. ಒಮರ್ ಮುಬಿನ್, ಕ್ರಿಸ್ಟೋಫ್ ಬಾರ್ಟ್‌ನೆಕ್ ಮತ್ತವರ ಜೊತೆಗಾರರ ಕೆಲಸ.

ಆಗ ಯಂತ್ರಗಳಿಗೆ ಕಿವಿ ಸ್ವಲ್ಪ ಮಂದ. ಅದಕ್ಕೇ ಒಂದರ ಹಾಗೆ ಇನ್ನೊಂದು ಕೇಳಿಸದಂಥ ಪದಗಳನ್ನೇ ಹುಟ್ಟಿಸಿದರು. ‘ಪಿತೊ ಫೊಸಿತ್ ಬುಬಾಸ್’ ಅಂದರೆ ನಾನು ಮನೆಗೆ ನಡೆಯುತ್ತೇನೆ. ನಡೆದೆ ಅನ್ನಬೇಕಾ? ಫೊಸಿತ್ ಆದಮೇಲೆ ‘ಜಿಫಿ’ ಸೇರಿಸಿ, ಮುಗಿಯಿತು. ಕ್ರಿಯಾಪದ ಬದಲಾಗುವುದೇ ಇಲ್ಲ. ಶಾಲಾ ಮಕ್ಕಳು ಇದನ್ನು ಕಲಿತು ಲೆಗೊ ರೋಬೋಟ್‌ಗಳ ಜೊತೆ ಮಾತಾಡಿಯೂ ನೋಡಿದರು.

ಈಗ ಯಂತ್ರಗಳಿಗೆ ನಮ್ಮ ಮಾತು ಚೆನ್ನಾಗಿಯೇ ಕೇಳಿಸುತ್ತದೆ, ಇನ್ನು ಇದೆಲ್ಲ ಯಾಕೆ ಅನ್ನುವವರೇ ಜಾಸ್ತಿ. ನಾನು ಅರ್ಧ ಒಪ್ಪುತ್ತೇನೆ. ಕೇಳಿಸಿಕೊಳ್ಳುವ ತೊಂದರೆ ಬಹಳಷ್ಟು ಕಡಿಮೆಯಾಗಿದೆ, ನಿಜ. ಆದರೆ ‘ಅದನ್ನ ಸ್ವಲ್ಪ ಆ ಕಡೆ ಇಡು’ ಅಂತ ಸುಮ್ನೆ ಹೇಳಿಬಿಡುತ್ತೇವಲ್ಲ? ಯಾವುದನ್ನು? ಎಷ್ಟು? ಎಲ್ಲಿ? ಪ್ರತಿ ಅಕ್ಷರ ಸರಿಯಾಗಿ ಕೇಳಿಸಿದರೂ ಉತ್ತರ ಆ ಮಾತಿನೊಳಗೆ ಇಲ್ಲ. ಪರದೆ ಮೇಲಿನ ಚಾಟ್‌ಬಾಟ್ ತಪ್ಪು ತಿಳಿದರೆ ಇನ್ನೊಮ್ಮೆ ಕೇಳಬಹುದು. ಭಾರ ಎತ್ತಿ ನಿಂತಿರುವ ಉಕ್ಕಿನ ಕೈ ತಪ್ಪು ತಿಳಿದರೆ?

ವಿಮಾನದ ಪೈಲಟ್‌ಗಳನ್ನೇ ನೋಡಿ. ಮೇಲೆ ಪೈಲಟ್, ಕೆಳಗೆ ನಿಯಂತ್ರಣ ಕೇಂದ್ರದವರು: ಎರಡೂ ಕಡೆ ಇರುವುದು ಮನುಷ್ಯರೇ, ಇಬ್ಬರಿಗೂ ಇಂಗ್ಲಿಷ್ ಬರುತ್ತದೆ. ಆದರೂ ರೇಡಿಯೊದಲ್ಲಿ ಮನಸ್ಸಿಗೆ ಬಂದಂತೆ ಮಾತಾಡುವುದಿಲ್ಲ. ಹೆಚ್ಚಾಗಿ ಗೊತ್ತುಮಾಡಿದ ವಾಕ್ಯಗಳೇ. ‘ನೈನ್’ ಬದಲು ‘ನೈನರ್’ ಅನ್ನುತ್ತಾರೆ, ‘ಫೈವ್’ ಜೊತೆ ಕಲಸಿಹೋಗಬಾರದು ಅಂತ. ಬಂದ ಸೂಚನೆಯನ್ನು ತಿರುಗಿ ಹೇಳಿ ಖಚಿತಪಡಿಸುತ್ತಾರೆ. ಕಾರ್ಖಾನೆಯ ರೋಬೋಟ್‌ಗೂ ನನಗೆ ಬೇಕಾದದ್ದು ಇಷ್ಟೇ: ಕಡಿಮೆ ಪದ, ಒಂದಕ್ಕೆ ಒಂದೇ ಅರ್ಥ, ಕೈ ಆಡಿಸುವ ಮೊದಲು ‘ಇದನ್ನೇ ತಾನೇ ಹೇಳಿದ್ದು?’ ಅಂತ ತಿರುಗಿ ಕೇಳುವ ಅಭ್ಯಾಸ. ಮನೆಯಲ್ಲಿ ವಯಸ್ಸಾದವರಿಗೆ ನೀರು ತಂದುಕೊಡುವ ರೋಬೋಟ್ ಮಾತ್ರ ಬೇರೆ. ಅಲ್ಲಿ ಕಲಿಯುವ ಕಷ್ಟವೆಲ್ಲ ಯಂತ್ರದ್ದೇ ಆಗಬೇಕು.

ಜನ ಕಲಿಯುವುದಿಲ್ಲ ಅನ್ನುವ ವಾದವನ್ನು ನಾನು ನಂಬುವುದಿಲ್ಲ. 1996ರಲ್ಲಿ ಪಾಮ್ ಕಂಪನಿಯ ‘ಪೈಲಟ್’ ಬಂತು, ಪರದೆ ಮೇಲೆ ಕಡ್ಡಿಯಿಂದ ಬರೆಯುವ ಅಂಗೈಯಗಲದ ಕಂಪ್ಯೂಟರ್. ಅದಕ್ಕೆ ಅರ್ಥವಾಗಲಿ ಅಂತ ಇಂಗ್ಲಿಷಿನ ‘A’ ಅಕ್ಷರದ ಅಡ್ಡಗೆರೆ ಬಿಟ್ಟು ಬರೆಯಲು ಜನ ಕಲಿತರು. ಗ್ರಾಫಿಟಿ ಅಂತ ಆ ಬರವಣಿಗೆಯ ಹೆಸರು.

ಆದರೂ ಹುಟ್ಟಿಸಿದ ಪದಗಳ ಬಗ್ಗೆ ನನಗೆ ಒಂದು ತಕರಾರು ಇದೆ. ಗಾಬರಿಯಾದಾಗ ಕಲಿತ ಭಾಷೆ ಬಾಯಿಗೆ ಬರುವುದಿಲ್ಲ, ಅಲ್ವಾ? ಯಾರದೋ ಕೈ ಯಂತ್ರಕ್ಕೆ ಸಿಕ್ಕಾಗ ಪಕ್ಕದವರು ತಮ್ಮ ಮಾತಿನಲ್ಲೇ ಕಿರುಚುತ್ತಾರೆ. ಉಳಿದ ಆಜ್ಞೆಗಳು ಎಷ್ಟೇ ಕಟ್ಟುನಿಟ್ಟಾಗಿರಲಿ, ನಿಲ್ಲಿಸಲು ಮಾತ್ರ ಯಾವ ಭಾಷೆಯ ಕಿರುಚಾಟವಾದರೂ ಸಾಕಾಗಬೇಕು. ಕೈಗೆ ಸಿಗುವ ಕಡೆ ಕೆಂಪು ಗುಂಡಿಯಂತೂ ಇರಲೇಬೇಕು.