ಮೊದಲು ಡೈವರ್ಟರ್ ನೋಡಿ, ಆಮೇಲೆ ಟೈಲ್ಸ್

ಹೋಟೆಲ್ ರೂಮಿನ ಬಾತ್‌ರೂಮಿಗೆ ಕಾಲಿಟ್ಟ ತಕ್ಷಣ ಎಲ್ಲರ ಕಣ್ಣು ಹೋಗುವುದು ಟೈಲ್ಸ್, ದೊಡ್ಡ ಕನ್ನಡಿ, ಮಡಿಸಿಟ್ಟ ಬಿಳಿ ಟವೆಲ್ ಕಡೆಗೆ. ಹೋಗಬೇಕಾದದ್ದು ಡೈವರ್ಟರ್ ಕಡೆಗೆ. ನೀರು ಕೆಳಗಿನ ನಲ್ಲಿಗೋ ತಲೆ ಮೇಲಿನ ಶವರಿಗೋ ಎಂದು ತೀರ್ಮಾನಿಸುವ ಗುಂಡಿ ಅದು. ಹಿಂದಿನ ದಿನ ಅಲ್ಲಿದ್ದ ಮಹಾನುಭಾವರು ಅದನ್ನು ಶವರಿನ ಕಡೆ ತಿರುಗಿಸಿಟ್ಟೇ ಹೋಗಿರುತ್ತಾರೆ. ಬಸ್ಸಿಳಿದು ಬಂದವರು ಕಾಲು ತೊಳೆಯೋಣ ಎಂದು ಪ್ಯಾಂಟು ಮಡಚಿ, ಬಗ್ಗಿ ನಲ್ಲಿ ತಿರುಗಿಸುತ್ತಾರೆ. ಕಾಲೊಂದು ಬಿಟ್ಟು ಮಿಕ್ಕಿದ್ದೆಲ್ಲ ಒದ್ದೆ.

ಇದು ಗ್ರಹಚಾರವಲ್ಲ, ಪ್ಲಂಬಿಂಗ್. ನಲ್ಲಿ, ಡೈವರ್ಟರ್, ಶವರ್ ಮೂರನ್ನೂ ಒಂದೇ ಗೆರೆಯಲ್ಲಿ ಕೂರಿಸಿದರೆ ಗೋಡೆ ಕೊರೆಯುವ ಕೆಲಸ ಕಡಿಮೆ. ಅದನ್ನೇ ಬಾಗಿಲ ಕಡೆಗೆ ಸರಿಸಿ, ಹೊರಗೆ ನಿಂತೇ ಕೈಚಾಚಿ ತಿರುಗಿಸುವ ಹಾಗೆ ಮಾಡಲು ಎರಡು ಮೂರು ಅಡಿ ಪೈಪು, ಒಂದೆರಡು ಎಲ್ಬೋ ಸಾಕು. ಸಾಕು ಅಷ್ಟೇ, ಯಾರೂ ಹಾಕುವುದಿಲ್ಲ.

ಇನ್ನು ಬಿಸಿನೀರು. ‘ಬಿಸಿನೀರಿನ ಸಮಯ: ಬೆಳಿಗ್ಗೆ 6ರಿಂದ 9’ ಎಂಬ ಬೋರ್ಡು ಇದ್ದರೆ ಸಾಮಾನ್ಯವಾಗಿ ತಾರಸಿಯಲ್ಲಿ ಸೋಲಾರ್ ಇದೆ ಎಂದರ್ಥ. 20 ಮಿಲಿಮೀಟರ್ ಒಳಅಳತೆಯ ಪೈಪಿನಲ್ಲಿ ಮೀಟರಿಗೆ 300 ಮಿಲಿಲೀಟರಿಗಿಂತ ಸ್ವಲ್ಪ ಹೆಚ್ಚು ನೀರು ನಿಂತಿರುತ್ತದೆ. ತಾರಸಿಯಿಂದ ಕೆಳಗಿನ ರೂಮಿಗೆ 20 ಮೀಟರ್ ಹಾದಿ ಎಂದಿಟ್ಟುಕೊಳ್ಳಿ. ರಾತ್ರಿಯೆಲ್ಲ ಪೈಪಿನಲ್ಲೇ ಆರಿದ ಆರು ಲೀಟರಿಗೂ ಹೆಚ್ಚು ತಣ್ಣೀರು ಹರಿದುಹೋಗುವ ತನಕ ಬಿಸಿನೀರಿನ ಸುಳಿವಿಲ್ಲ. ಬಕೆಟ್ಟಿನ ಮೂರನೇ ಒಂದು ಪಾಲು. ಒಂದು ಚೊಂಬು ಹಿಡಿದು ಬೆರಳದ್ದಿ ನೋಡಿ, ‘ಬಿಸಿನೀರೇ ಇಲ್ವಲ್ರೀ’ ಎಂದು ರಿಸೆಪ್ಷನ್ನಿಗೆ ಫೋನು ಹಚ್ಚುವವರಿಗೆ ಅಲ್ಲಿಂದ ಬರುವ ಉತ್ತರ ಒಂದೇ: ‘ಎರಡು ನಿಮಿಷ ಬಿಡಿ ಸರ್, ಬರುತ್ತೆ.’ ತಮಾಷೆಯೆಂದರೆ ಅವರು ಹೇಳುವುದು ನಿಜ. ಮಡಿಕೇರಿಯ ಜುಲೈ ತಿಂಗಳಲ್ಲಿ ಮಾತ್ರ ಆ ಮಾತನ್ನು ನಂಬುವ ಮೊದಲು ಕಿಟಕಿಯಾಚೆ ಒಮ್ಮೆ ನೋಡಿ.

ಹಾಗಾದರೆ ಮೇಲಿನ ಮಹಡಿಯೇ ವಾಸಿ ಎಂದುಕೊಳ್ಳಬೇಡಿ. ಪಂಪಿಲ್ಲದ ಕಟ್ಟಡದಲ್ಲಿ ನೀರಿನ ಒತ್ತಡವೆಂದರೆ ಟ್ಯಾಂಕಿನ ಎತ್ತರ, ಮತ್ತೇನಲ್ಲ. ಒತ್ತಡವನ್ನು ಅಳೆಯುವುದು ಬಾರ್ ಲೆಕ್ಕದಲ್ಲಿ, ಹತ್ತು ಮೀಟರ್ ಎತ್ತರಕ್ಕೆ ಒಂದು ಬಾರ್. ಕೊನೆಯ ಮಹಡಿಯ ಶವರಿಗೂ ಟ್ಯಾಂಕಿಗೂ ಮೂರು ಮೀಟರ್ ಅಂತರವಿದ್ದರೆ ಸಿಗುವುದು 0.3 ಬಾರ್. ಅಲ್ಲಿ ತಂದು ಕೂರಿಸಿರುವುದೋ, ಊಟದ ತಟ್ಟೆಯಷ್ಟಗಲದ ರೇನ್ ಶವರ್. ಅದರ ಜೊತೆಗೆ ಬೋರ್‌ವೆಲ್ಲಿನ ಗಡಸುನೀರು ಅರ್ಧ ರಂಧ್ರಗಳಿಗೆ ಬಿಳಿ ಪದರ ಕಟ್ಟಿಸಿರುತ್ತದೆ. ನಾಲ್ಕು ಎಳೆ ನೀರು ನಾಲ್ಕು ದಿಕ್ಕಿಗೆ. ಒಂದು ಗೋಡೆಗೆ, ಒಂದು ಟವೆಲ್ಲಿಗೆ. ರಬ್ಬರ್ ಮೂತಿಯ ರಂಧ್ರಗಳಾದರೆ ಹೆಬ್ಬೆರಳಿನಿಂದ ಉಜ್ಜಿ, ಪುಡಿ ಉದುರಿ ಸ್ವಲ್ಪ ದಾರಿ ಬಿಡುತ್ತದೆ. ಒಟ್ಟಿನಲ್ಲಿ ಕೆಳಗೆ ಒತ್ತಡವಿದೆ, ಬಿಸಿ ತಡ. ಮೇಲೆ ಬಿಸಿ ಬೇಗ, ಒತ್ತಡವಿಲ್ಲ. ಕೇಳಿದರೆ ಕೊಡುವ ಹಾಗಿದ್ದರೆ ನಡುವಿನ ಮಹಡಿ ಕೇಳಿ.

ರೂಮಿಗೊಂದು ಗೀಸರ್ ಇದ್ದರೂ ಲೆಕ್ಕ ಇದ್ದೇ ಇದೆ. 15 ಲೀಟರ್, 2 ಕಿಲೋವ್ಯಾಟಿನದು 25 ಡಿಗ್ರಿಯ ನೀರನ್ನು 60ಕ್ಕೆ ಏರಿಸಲು ಇಪ್ಪತ್ತು ನಿಮಿಷದ ಹತ್ತಿರ ಬೇಕು. ಅದಕ್ಕೆ ತಣ್ಣೀರು ಬೆರೆಸಿ 40 ಡಿಗ್ರಿಯ ಹದಕ್ಕೆ ತಂದರೆ ಹೆಚ್ಚೆಂದರೆ 35 ಲೀಟರ್. ಬಕೆಟ್ಟು, ಚೊಂಬಿನ ಲೆಕ್ಕದಲ್ಲಿ ಇಬ್ಬರ ಸ್ನಾನ ಆಗುತ್ತದೆ. ಶವರ್ ಬಿಟ್ಟರೆ ನಾಲ್ಕೇ ನಿಮಿಷ. ಆದರೂ ಡಿಸೈನ್ ಮಾಡಿದವರಿಗೆ ಬಕೆಟ್ಟು ಕಂಡರೆ ಆಗುವುದಿಲ್ಲ, ಫೋಟೋ ಕೆಡುತ್ತದಂತೆ! ಹಾಗಾಗಿ ಮನೆಯವರೆಲ್ಲ ಸಾಲಾಗಿ ಹೋದಾಗ ಎರಡನೆಯವರು ತಲೆಗೆ ಶಾಂಪೂ ಹಾಕಿಕೊಂಡ ಸರಿಯಾದ ಮುಹೂರ್ತಕ್ಕೆ ಗೀಸರ್ ಕೈಕೊಡುತ್ತದೆ.

ಬಳಸಿದ ನೀರು ಎಲ್ಲಿಗೆ ಹೋಗುತ್ತದೆ ಎನ್ನುವುದು ಇನ್ನೂ ದೊಡ್ಡ ಪ್ರಶ್ನೆ. ನೆಲಕ್ಕೆ ಮೀಟರಿಗೆ ಒಂದು ಸೆಂಟಿಮೀಟರಿನಷ್ಟಾದರೂ ಇಳಿಜಾರು ಬೇಕು, ನಹಾನಿ ಟ್ರ್ಯಾಪ್, ಅಂದರೆ ನೀರು ಇಳಿದುಹೋಗುವ ಜಾಲರಿ ಮುಚ್ಚಿದ ತೂತು, ಅತ್ಯಂತ ತಗ್ಗಿನ ಮೂಲೆಯಲ್ಲಿರಬೇಕು. ಒಂದಡಿ ಟೈಲ್ಸ್ ಹಾಕುತ್ತಿದ್ದಾಗ ಗಾರೆಯವರು ಇದನ್ನು ಸಲೀಸಾಗಿ ತರುತ್ತಿದ್ದರು. ಈಗ ಎರಡಡಿ, ನಾಲ್ಕಡಿ ಟೈಲ್ಸ್. ಅಷ್ಟು ದೊಡ್ಡ ತುಂಡನ್ನು ಒಂದು ಮೂಲೆಯ ತೂತಿನ ಕಡೆ ಬಾಗಿಸಲು ಆಗುವುದಿಲ್ಲ, ಕರ್ಣರೇಖೆಯಲ್ಲಿ ಕತ್ತರಿಸಬೇಕು. ಕತ್ತರಿಸಿದರೆ ಗೆರೆ ಕಾಣುತ್ತದೆ, ಮಾಲೀಕರು ಗೊಣಗುತ್ತಾರೆ. ಆದ್ದರಿಂದ ನೆಲ ಮಟ್ಟಸ. ನೀರು ಕಮೋಡಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಾಗಿಲ ಬಳಿ ಬಂದು ನಿಲ್ಲುತ್ತದೆ, ಸಾಕ್ಸ್ ಹಾಕಿಕೊಂಡು ಬರುವವರಿಗಾಗಿ. ಹಳೆಯ ಮನೆಗಳ ಬಚ್ಚಲಿನಲ್ಲಿ ವಾಲಿಸಿ ಹಾಸಿದ ಕಲ್ಲುಚಪ್ಪಡಿಯ ನೀರು ತಾನಾಗಿಯೇ ಹಿತ್ತಲ ಬಾಳೆಗಿಡದ ಬುಡ ಸೇರುತ್ತಿತ್ತು. ಅದಕ್ಕೆ ಯಾರೂ ಇಂಟೀರಿಯರ್ ಡಿಸೈನರನ್ನು ಕರೆಸಿರಲಿಲ್ಲ.

ರೂಮಿನ ಬಾಗಿಲು ತೆಗೆದೊಡನೆ ಚರಂಡಿ ವಾಸನೆ ಬಂದರೆ ರೂಮ್ ಫ್ರೆಶ್ನರ್ ಹೊಡೆಸಿಕೊಳ್ಳಬೇಡಿ; ಎರಡೂ ಸೇರಿ ಮೂರನೆಯದೊಂದು ಹುಟ್ಟುತ್ತದೆ. ಟ್ರ್ಯಾಪಿನ ಬಾಗಿನಲ್ಲಿ ಸುಮಾರು 50 ಮಿಲಿಮೀಟರ್ ನೀರು ನಿಂತು ಗಾಳಿಯನ್ನು ತಡೆಯುತ್ತಿರುತ್ತದೆ. ರೂಮು ಕೆಲವು ವಾರ ಖಾಲಿ ಬಿದ್ದರೆ ಆ ನೀರು ಆರಿಹೋಗಿ ವಾಸನೆ ನೇರ ಒಳಗೆ. ಜಾಲರಿಯೊಳಗೆ ಎರಡು ಚೊಂಬು ನೀರು ಸುರಿದು ಎಕ್ಸಾಸ್ಟ್ ಫ್ಯಾನ್ ಹಾಕಿ, ಸ್ವಲ್ಪ ಹೊತ್ತಿನಲ್ಲಿ ಹೋಗುತ್ತದೆ. ಹೋಗದಿದ್ದರೆ ಅಲ್ಲಿ ಟ್ರ್ಯಾಪೇ ಇಲ್ಲ, ರೂಮು ಬದಲಿಸಿ.

ಬಟ್ಟೆ ನೇತುಹಾಕಲು ಕೊಕ್ಕೆ ಇರುವುದಿಲ್ಲ. ಇದ್ದರೆ ಒಂದೇ, ಅದೂ ಶವರಿನ ಎದುರಿಗೆ. ಟಾಯ್ಲೆಟ್ ಪೇಪರಿನ ಸುರುಳಿ ಹೆಲ್ತ್ ಫಾಸೆಟ್ಟಿನ ಪಕ್ಕದಲ್ಲೇ ನೆನೆದು ಮುದ್ದೆಯಾಗಿರುತ್ತದೆ.

ಈಗ ಗಾಜಿನ ಗೋಡೆ. ಮಲಗುವ ಜಾಗಕ್ಕೂ ಬಚ್ಚಲಿಗೂ ನಡುವೆ ಇಟ್ಟಿಗೆಯ ಬದಲು ಗಾಜು ಹಾಕುವುದು ಯಾರ ರಸಿಕತೆಯಿಂದಲೂ ಅಲ್ಲ. ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ, ಎರಡೂ ಕಡೆ ಗಾರೆ, ಒಂದು ಕಡೆ ಟೈಲ್ಸ್ ಸೇರಿದರೆ ಆರು ಇಂಚು. ಟಫನ್ಡ್ ಗಾಜು ಹತ್ತು ಮಿಲಿಮೀಟರಿನಲ್ಲಿ ಮುಗಿಯುತ್ತದೆ, ಚಿಕ್ಕ ರೂಮು ದೊಡ್ಡದಾಗಿ ಕಾಣುತ್ತದೆ. ಮಾನ ಕಾಪಾಡಲು ನಡುವೆ ಎರಡಡಿ ಅಗಲದ ಫ್ರಾಸ್ಟೆಡ್ ಪಟ್ಟಿ ಅಂಟಿಸಿರುತ್ತಾರೆ, ಯಾರದೋ ಎತ್ತರಕ್ಕೆ ಸರಿಯಾಗಿ. ಹೊಸದಾಗಿ ಮದುವೆಯಾದವರು ಹೇಗೋ ಸುಧಾರಿಸಿಕೊಂಡಾರು. ಅತ್ತೆ, ಮಾವ, ಎಕ್ಸ್‌ಟ್ರಾ ಬೆಡ್ ಸಮೇತ ದೇವಸ್ಥಾನಕ್ಕೆಂದು ಬಂದವರು, ಒಬ್ಬರು ಸ್ನಾನಕ್ಕೆ ಹೋದಾಗಲೆಲ್ಲ ಉಳಿದವರು ಕಾರಿಡಾರಿನಲ್ಲಿ ನಿಂತು ಗೋಡೆ ಮೇಲಿನ ಹಂಪಿಯ ಕಲ್ಲಿನ ರಥದ ಚಿತ್ರವನ್ನು ಭಕ್ತಿಯಿಂದ ನೋಡುತ್ತಿರುತ್ತಾರೆ.

ಬಾಗಿಲ ಪಕ್ಕದ ಕೀ ಕಾರ್ಡ್ ಡಬ್ಬಿಯದು ಬೇರೆ ಕಥೆ. ಕಾರ್ಡು ಎಳೆದರೆ ಅರ್ಧ ನಿಮಿಷದಲ್ಲಿ ರೂಮಿನ ಕರೆಂಟು ಬಂದ್, ಚಾರ್ಜಿಗಿಟ್ಟ ಫೋನೂ ಬಂದ್. ಹಲವು ಡಬ್ಬಿಗಳ ಒಳಗಿರುವುದು ಕಾರ್ಡಿನ ಅಂಚು ತಾಗಿದರೆ ಒತ್ತಿಕೊಳ್ಳುವ ಪುಟ್ಟ ಸ್ವಿಚ್ ಮಾತ್ರ. ಯಾವುದೋ ಅಂಗಡಿಯ ಹಳೇ ಕಾರ್ಡು ತೂರಿಸಿದರೂ ಒಪ್ಪಿಕೊಳ್ಳುತ್ತದೆ. ಚಿಪ್ ಓದುವಂಥದಾದರೆ ಈ ಆಟ ನಡೆಯದು. ಎರಡನೇ ಕೀ ಕೇಳಿ, ಕೊಡುತ್ತಾರೆ.

ಮಂಚದ ಪಕ್ಕದಲ್ಲಿ ಒಂಬತ್ತೋ ಹತ್ತೋ ಸ್ವಿಚ್ಚುಗಳು, ಒಂದರ ಮೇಲೂ ಗುರುತಿಲ್ಲ. ದೀಪ ಆರಿಸಿ ಮಲಗೋಣವೆಂದು ಒತ್ತಿದರೆ ಫ್ಯಾನು ನಿಲ್ಲುತ್ತದೆ, ಇನ್ನೊಂದಕ್ಕೆ ಪರದೆಯ ಮೇಲಿನ ನೀಲಿ ದೀಪ ಹತ್ತುತ್ತದೆ. ಕೊನೆಯದು ಮಾಸ್ಟರ್ ಸ್ವಿಚ್. ಅದನ್ನು ಒತ್ತುವ ಮೊದಲು ಬಚ್ಚಲಿನಲ್ಲಿ ಯಾರಾದರೂ ಇದ್ದಾರಾ ಎಂದು ಕೂಗಿ ಕೇಳಿ. ಅಲ್ಲಿನ ದೀಪವೂ ಇದೇ ಲೈನಿನಲ್ಲಿದೆ, ಒಳಗಿರುವವರಿಗೆ ನಹಾನಿ ಟ್ರ್ಯಾಪಿನ ಜಾಲರಿ ಸರಿಯಾಗಿ ಕೂತಿಲ್ಲ ಎನ್ನುವುದು ಇನ್ನೂ ಗೊತ್ತಿಲ್ಲ.